ಪದಚರ್ಚೆ: ‘ಸೀಮಿತ ಕಾರಕ’ವೋ, ‘ಮಿತಿಕಾರಕ’ವೋ?

ಬಳಗದವರಿಗೆ ನಮಸ್ಕಾರ.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಬಂದ ಮಕ್ಕಳಿಗಾಗಿ ರಸಾಯನಶಾಸ್ತ್ರದ ಟಿಪ್ಪಣಿ ಬರೆಯುತ್ತಿದ್ದೇನೆ. ಪ್ರತಿವರ್ತಕ, ಉತ್ಪನ್ನ, ಸ್ಥಾನಪಲ್ಲಟ ಕ್ರಿಯೆ, ಸಮೀಕರಣ ಸರಿದೂಗಿಸುವುದು ಇವೆಲ್ಲ ಅವರಿಗೆ ಬಾಯಿಪಾಠ. ನಾನು ಎಡವಿದ್ದು ‘ಲಿಮಿಟಿಂಗ್ ರಿಯೇಜೆಂಟ್’ ಎಂಬಲ್ಲಿ. ಕ್ರಿಯೆಯಲ್ಲಿ ಸೇರುವ ವಸ್ತುಗಳ, ಅಂದರೆ ಪ್ರತಿವರ್ತಕಗಳ ಪೈಕಿ ಮೊದಲು ತೀರಿಹೋಗಿ, ಉತ್ಪನ್ನ ಎಷ್ಟು ಬರಬಹುದೆಂಬುದಕ್ಕೆ ಮಿತಿ ಹಾಕುವುದು ಅದು. ಹೆಚ್ಚು ಯೋಚಿಸದೆ ‘ಸೀಮಿತ ಕಾರಕ’ ಎಂದು ಬರೆದುಬಿಟ್ಟೆ.

10 ಗ್ರಾಂ ಹೈಡ್ರೋಜನ್ನೂ 40 ಗ್ರಾಂ ಆಕ್ಸಿಜನ್ನೂ ಸೇರಿದರೆ ಎಷ್ಟು ನೀರು ಎಂದು ಲೆಕ್ಕ ಕೊಟ್ಟೆ. “ಹೈಡ್ರೋಜನ್ನೇ ಕಡಿಮೆ ಇದೆಯಲ್ಲ ಮೇಡಂ, ಅದೇ ಸೀಮಿತ” ಎಂದಳು ಒಬ್ಬಳು. ಹಾಗೆಂದುಕೊಂಡೇ ಲೆಕ್ಕ ಮಾಡಿ 90 ಗ್ರಾಂ ನೀರು ತೆಗೆದಳು. ಹಾಕಿದ್ದು ಒಟ್ಟು 50 ಗ್ರಾಂ, ಬಂದದ್ದು 90! ನಿಜದಲ್ಲಿ 1 ಗ್ರಾಂ ಹೈಡ್ರೋಜನ್ನಿಗೆ 8 ಗ್ರಾಂ ಆಕ್ಸಿಜನ್ ಬೇಕು. 40 ಗ್ರಾಂ ಆಕ್ಸಿಜನ್ 5 ಗ್ರಾಂ ಹೈಡ್ರೋಜನ್ನಿನ ಜೊತೆ ತೀರಿಹೋಗಿ 45 ಗ್ರಾಂ ನೀರಾಗುತ್ತದೆ, ಮಿಕ್ಕ 5 ಗ್ರಾಂ ಹೈಡ್ರೋಜನ್ ಹಾಗೆಯೇ ಉಳಿಯುತ್ತದೆ. ಕಟ್ಟುಹಾಕಿದ್ದು ತೂಕದಲ್ಲಿ ನಾಲ್ಕು ಪಟ್ಟು ಹೆಚ್ಚಿದ್ದ ಆಕ್ಸಿಜನ್.

ಹುಡುಗಿಯದು ಅರ್ಧ ತಪ್ಪಾದರೆ ಇನ್ನರ್ಧ ನನ್ನ ಪದದ್ದು. ಸೀಮಿತ ಎಂದರೆ ಮಿತಿಗೆ ಒಳಗಾದದ್ದು. ನಮಗೆ ಬೇಕಾದದ್ದು ಮಿತಿ ಹಾಕುವುದು. ಪ್ರೇರಿತ–ಪ್ರೇರಕ, ಪೀಡಿತ–ಪೀಡಕ ಇವುಗಳಲ್ಲಿ ಇರುವ ಅಂತರವೇ ಇಲ್ಲಿಯೂ ಇದೆ. ಪೀಡಿತನನ್ನು ಪೀಡಕನೆಂದು ಕರೆದರೆ ಯಾರೂ ಸುಮ್ಮನಿರುವುದಿಲ್ಲ, ರಸಾಯನಶಾಸ್ತ್ರದಲ್ಲಿ ಮಾತ್ರ ನಡೆದುಹೋಗುತ್ತದೆ. ಅಲ್ಲದೆ ದಿನಬಳಕೆಯಲ್ಲಿ ‘ಸೀಮಿತ ಅವಧಿ’, ‘ಸೀಮಿತ ಸಂಖ್ಯೆ’ ಎಂದಾಗ ಕಿವಿಗೆ ಬೀಳುವುದು ‘ಸ್ವಲ್ಪವೇ ಇದೆ’ ಎಂಬ ಅರ್ಥ. ಅವಳು ಕೇಳಿಸಿಕೊಂಡದ್ದೂ ಅದನ್ನೇ.

ಮರುದಿನ ತಾಂಬೂಲದ ಚೀಲದ ಲೆಕ್ಕ ಕೊಟ್ಟೆ. ಮದುವೆಮನೆ; ಚೀಲಕ್ಕೆ ಒಂದು ತೆಂಗಿನಕಾಯಿ, ಎರಡು ವೀಳ್ಯದೆಲೆ. ಕಾಯಿ 100, ಎಲೆ 150. ಯಾವುದು ಮೊದಲು ತೀರುತ್ತದೆ? “ಎಲೆ!” ಎಂದು ಇಡೀ ತರಗತಿ ಕೂಗಿತು. ಚೀಲ 75, ಉಳಿದ ಕಾಯಿ 25. ಎಣಿಕೆಯಲ್ಲಿ ಎಲೆಯೇ ಹೆಚ್ಚಿದ್ದರೂ ಯಾರೂ ತಪ್ಪಲಿಲ್ಲ, ಏಕೆಂದರೆ ನಾನು ‘ಸೀಮಿತ’ ಎನ್ನಲಿಲ್ಲ, ‘ಮೊದಲು ತೀರುವುದು’ ಎಂದೆ. (ಅಡಿಕೆಯನ್ನು ಬಿಟ್ಟದ್ದಕ್ಕೆ ಹಿಂದಿನ ಬೆಂಚಿನಿಂದ ಆಕ್ಷೇಪಣೆ ಬಂತು.)

ಪಾಠ ಹೇಳುವಾಗ ‘ಮೊದಲು ತೀರುವ ಪ್ರತಿವರ್ತಕ’ ಸಾಕು. ಆದರೆ ಶೀರ್ಷಿಕೆಗೆ, ಸೂತ್ರದ ಸಾಲಿಗೆ ಒಂದೇ ಪದ ಬೇಕು. ‘ನಿಯಂತ್ರಕ’ ಎಂದರೆ ಕ್ರಿಯೆಯ ವೇಗವನ್ನು ಹಿಡಿತದಲ್ಲಿಡುವುದೆಂದು ತಿಳಿದು ಕ್ರಿಯಾವರ್ಧಕದ ಕಡೆಗೆ ಹೋಗಿಬಿಡುತ್ತಾರೆ. ‘ಸೀಮಕ’ ವ್ಯಾಕರಣಕ್ಕೆ ಸರಿ, ನಾಲಿಗೆಗೆ ಹೊಸತು. ನನಗೆ ಒಪ್ಪಿಗೆಯಾಗಿರುವುದು ‘ಮಿತಿಕಾರಕ’. ರೋಗಕಾರಕ, ಹಾನಿಕಾರಕ ಇದ್ದ ಹಾಗೆ ಮಿತಿಯನ್ನು ಉಂಟುಮಾಡುವುದು; ರಿಯೇಜೆಂಟ್ ಎಂಬ ಅರ್ಥದ ‘ಕಾರಕ’ವೂ ಅದರಲ್ಲೇ ಅಡಗಿದೆ. ಆದರೆ ನೆರೆಹೊರೆಯ ಪದಗಳೆಲ್ಲ ಕೆಟ್ಟವಾದ್ದರಿಂದ ಇದಕ್ಕೂ ಆ ವಾಸನೆ ಅಂಟುವುದೇ? ವಿಭಕ್ತಿ ಪಾಠದ ‘ಕಾರಕ’ ಅಡ್ಡ ಬರುವುದೇ?

ಇನ್ನೊಂದು ಮಾತು. ಈ ಲೆಕ್ಕಗಳಿಗೆ ‘ಸ್ಟಾಯ್ಕಿಯೋಮೆಟ್ರಿ’ ಎಂದು ಹೆಸರಿಟ್ಟವನು ಜರ್ಮನಿಯ ಯೆರೆಮಿಯಾಸ್ ರಿಕ್ಟರ್, 1792ರಲ್ಲಿ. ಗ್ರೀಕಿನ ‘ಸ್ಟೊಯ್ಕೇಯಾನ್’ ಎಂದರೆ ಮೂಲವಸ್ತು. ಭಾಷೆಯ ವರ್ಣಕ್ಕೂ ಅದೇ ಹೆಸರು. ನಮ್ಮ ‘ಧಾತು’ವೂ ಹಾಗೆಯೇ ರಸಾಯನದಲ್ಲಿ ಮೂಲವಸ್ತು, ವ್ಯಾಕರಣದಲ್ಲಿ ಕ್ರಿಯಾಪದದ ಮೂಲ. ಆ ಆಸೆಗೆ ‘ಧಾತುಮಾನ’ ಎಂದು ಬರೆದು ಹೊಡೆದುಹಾಕಿದೆ. ಹಿಂದಿಯಲ್ಲಿ ಧಾತು ಎಂದರೆ ಲೋಹ. ಎರಡೂ ಭಾಷೆ ಓದುವ ಮಕ್ಕಳಿಗೆ ಇನ್ನೊಂದು ಗೊಂದಲ ಬೇಡ. ಇದನ್ನು ಸ್ಟಾಯ್ಕಿಯೋಮೆಟ್ರಿ ಎಂದೇ ಉಳಿಸಿಕೊಳ್ಳುತ್ತೇನೆ.

‘ಮಿತಿಕಾರಕ’ದ ಬಗ್ಗೆ ಮಾತ್ರ ನಿಮ್ಮ ಅಭಿಪ್ರಾಯ ಬೇಕು. ಅದರ ಜೊತೆಯಲ್ಲಿ ಉಳಿದುಹೋಗುವ ಪ್ರತಿವರ್ತಕಕ್ಕೆ ‘ಹೆಚ್ಚುವರಿ’ ಎನ್ನುವುದೋ, ‘ಉಳಿಕೆ’ ಎನ್ನುವುದೋ?