ಜಾವಾದ ಹಳ್ಳಿಯಲ್ಲಿ ಮನೆ ಕಟ್ಟಿ ಇರಬೇಕೆಂದಿದ್ದೇನೆ: ಜಾಗ, ಊರು, ಓಡಾಟದ ಅನುಭವ ಇದ್ದವರು ಹೇಳಿ

ಕೇಳಿದವರು:

ಎಲ್ಲರಿಗೂ ನಮಸ್ಕಾರ. ನನ್ನ ತವರು ತೀರ್ಥಹಳ್ಳಿ ಹತ್ತಿರ. ಸಿಂಗಾಪುರದಲ್ಲಿ ಕೆಲಸದಲ್ಲಿದ್ದಾಗ ಪರಿಚಯವಾದ ಜಾವಾದ ಹುಡುಗನನ್ನು ಮದುವೆಯಾಗಿ ನಾಲ್ಕು ವರ್ಷ ಆಯ್ತು. ಅವರ ಊರು ಮಧ್ಯ ಜಾವಾದ ಕ್ಲಾತೆನ್ ಜಿಲ್ಲೆಯ ಒಂದು ಹಳ್ಳಿ. ಸುತ್ತ ಭತ್ತದ ಗದ್ದೆ, ದೂರದಲ್ಲಿ ಮೆರಾಪಿ ಜ್ವಾಲಾಮುಖಿ ಬೆಟ್ಟ. ಅತ್ತೆ ಈಗ ಒಬ್ಬರೇ ಇದ್ದಾರೆ. ಅವರ ಹಿತ್ತಿಲಲ್ಲಿ ಒಂದು ಮನೆ ಕಟ್ಟಿ ಅಲ್ಲೇ ಇರೋಣ ಅಂತ ನಿರ್ಧಾರ ಮಾಡಿದ್ದೇವೆ. ಹೆಚ್ಚಿನ ದುಡ್ಡು ನನ್ನ ಉಳಿತಾಯದ್ದು. ಮನೆ ನನ್ನ ಹೆಸರಿಗೆ ಆಗುತ್ತಾ? ಪಕ್ಕದ ಸ್ವಲ್ಪ ಗದ್ದೆ ಮಾರಾಟಕ್ಕಿದೆ, ಕೊಳ್ಳಬಹುದಾ? ಊರಿನವರ ಜೊತೆ ಹೇಗೆ ಹೊಂದಿಕೊಳ್ಳಬೇಕು? ಅಪ್ಪ ಅಮ್ಮ ಇಬ್ಬರೂ ಅರವತ್ತೈದು ದಾಟಿದವರು, ಮೊಟ್ಟೆ ಕೂಡ ಮುಟ್ಟದವರು. ಅವರು ಬಂದು ಹೋಗೋದು ಹೇಗೆ? ತಿಳಿದವರು ದಯವಿಟ್ಟು ಹೇಳಿ.

ಕ್ಲಾತೆನ್ ಕಡೆಯೇ ಹನ್ನೊಂದು ವರ್ಷ ಸಂಸಾರ ಮಾಡಿದವರು:

ತಂಗಿ, ನಿಮ್ಮ ಪ್ರಶ್ನೆ ಓದಿ ನನ್ನ ಮೊದಲ ವರ್ಷ ನೆನಪಾಯ್ತು. ಜಾಗದ ವಿಷಯ ಮೊದಲು ಹೇಳ್ತೇನೆ, ಯಾಕಂದ್ರೆ ತಪ್ಪಾದರೆ ಸರಿಮಾಡಲು ಕಷ್ಟ ಅದೊಂದೇ.

ಇಂಡೋನೇಷ್ಯಾದಲ್ಲಿ ಪೂರ್ತಿ ಒಡೆತನಕ್ಕೆ 'ಹಕ್ ಮಿಲಿಕ್' ಅಂತಾರೆ. 1960ರ ಭೂ ಕಾನೂನಿನ ಪ್ರಕಾರ ಅದು ಅಲ್ಲಿನ ಪೌರರಿಗೆ ಮಾತ್ರ. ನೀವು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರೆಗೆ ನಿಮ್ಮ ಹೆಸರಿಗೆ ಆಗಲ್ಲ. ಬೇರೆಯವರ ಹೆಸರಲ್ಲಿ ಕೊಂಡು, ಒಳಗೊಳಗೆ ಒಂದು ಕಾಗದ ಬರೆಸಿಕೊಳ್ಳಿ ಅಂತ ಸಲಹೆ ಕೊಡುವವರು ಸಿಗ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಅಂಥ ವ್ಯವಹಾರವನ್ನು ಅದೇ ಕಾನೂನು ಅಸಿಂಧು ಅನ್ನುತ್ತದೆ. ನನ್ನ ಪರಿಚಯದ ಒಬ್ಬರು ಹೀಗೆ ಮಾಡಿ ಜಾಗವನ್ನೂ ಕಳೆದುಕೊಂಡರು, ಇಪ್ಪತ್ತು ವರ್ಷದ ಸ್ನೇಹವನ್ನೂ ಕಳೆದುಕೊಂಡರು. 'ಹಕ್ ಪಾಕೈ' ಅಂತ ಬಳಕೆಯ ಹಕ್ಕು ವಿದೇಶೀಯರಿಗೆ ಸಿಗುತ್ತದೆ. ಆದರೆ ಅದಕ್ಕೆ ಮನೆಯ ಬೆಲೆ ಕನಿಷ್ಠ ಇಷ್ಟಿರಬೇಕು ಅನ್ನೋ ನಿಯಮ ಇದೆ. ಹಳ್ಳಿ ಮನೆಗೆ ಅದು ಹೊಂದಲ್ಲ.

ಹಾಗಾದ್ರೆ ದಾರಿ ಏನು? ಜಾಗ ನಿಮ್ಮ ಯಜಮಾನರ ಹೆಸರಿಗೆ ಇರಲಿ. ಆದರೆ ಮೊದಲು ನೋಟರಿ ಹತ್ತಿರ ಇಬ್ಬರ ಆಸ್ತಿ ಬೇರೆ ಬೇರೆ ಅಂತ ಮದುವೆ ಒಪ್ಪಂದ ಬರೆಸಿ. ಯಾಕೆ ಅಂದ್ರೆ ಮದುವೆ ಆದಮೇಲೆ ಕೊಂಡ ಆಸ್ತಿ ಇಬ್ಬರದೂ ಅನ್ನುತ್ತದೆ 1974ರ ಮದುವೆ ಕಾನೂನು. ಇಬ್ಬರಲ್ಲಿ ಒಬ್ಬರು ವಿದೇಶೀಯರು ಅಂದಮೇಲೆ ಅವರ ಹಕ್ ಮಿಲಿಕ್‌ಗೂ ತೊಡಕು. ಮುಂಚೆ ಈ ಒಪ್ಪಂದವನ್ನು ಮದುವೆಗೆ ಮೊದಲೇ ಮಾಡಬೇಕಿತ್ತು. 2016ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಮದುವೆ ನಂತರವೂ ಮಾಡಬಹುದು ಅಂತ ಹೇಳಿತು. ನಾವು ಮಾಡಿದ್ದು ಆಮೇಲೆಯೇ. ನಿಮ್ಮದು ಸಿಂಗಾಪುರದ ಮದುವೆ ಆಗಿದ್ದರೆ, ಇಂಡೋನೇಷ್ಯಾಕ್ಕೆ ಮರಳಿದ ಒಂದು ವರ್ಷದೊಳಗೆ ಅಲ್ಲಿ ನೋಂದಾಯಿಸಬೇಕು. ಮರೆಯಬೇಡಿ.

ಮನೆಗೆ ಹಾಕುವ ದುಡ್ಡು ಕೈಯಿಂದ ಕೈಗೆ ಹೋಗೋದು ಬೇಡ. ಬ್ಯಾಂಕ್ ಮೂಲಕವೇ ಹೋಗಲಿ, ಜೊತೆಗೆ ನೋಟರಿ ಹತ್ತಿರ ದೀರ್ಘ ಕಾಲದ ಗುತ್ತಿಗೆ ಪತ್ರ ಮಾಡಿಸಿ. ಇದು ಅಪನಂಬಿಕೆ ಅಲ್ಲ. ದೇವರು ಹಾಗೆ ಮಾಡದಿರಲಿ, ನಾಳೆ ಯಜಮಾನರಿಗೆ ಏನಾದರೂ ಆದರೆ, ವಾರಸಾಗಿ ಬಂದ ಹಕ್ ಮಿಲಿಕ್ ಅನ್ನು ವಿದೇಶೀಯರು ಒಂದು ವರ್ಷದೊಳಗೆ ಬಿಟ್ಟುಕೊಡಬೇಕು. ಆಗ ಮನೆ ಯಾರ ದುಡ್ಡಿನದು ಅಂತ ತೋರಿಸಲು ಕಾಗದ ಬೇಕಲ್ವಾ?

ಇನ್ನೊಂದು. ಅತ್ತೆಯ ಹತ್ತಿರ ಇರುವ ಕಾಗದ ಯಾವುದು ಅಂತ ಇವತ್ತೇ ಕೇಳಿ. 'ಸೆರ್ತಿಪಿಕಾತ್', ಅಂದರೆ ನೋಂದಾಯಿತ ಹಕ್ಕುಪತ್ರ, ಇದ್ದರೆ ಒಳ್ಳೆಯದು. 'ಲೆಟರ್ ಸಿ' ಅಥವಾ 'ಗಿರಿಕ್' ಇದ್ದರೆ ಅದು ಹಳೆಯ ಕಂದಾಯದ ದಾಖಲೆ ಅಷ್ಟೇ, ನಮ್ಮಲ್ಲಿ ಕಂದಾಯದ ರಸೀದಿ ಹಿಡಿದು ಜಾಗ ನಂದು ಅಂದ ಹಾಗೆ. ಎಷ್ಟೋ ಮನೆಗಳಲ್ಲಿ ಅದು ತಾತನ ಹೆಸರಲ್ಲೇ ಉಳಿದಿರುತ್ತದೆ. ಆಗ ಎಲ್ಲ ವಾರಸುದಾರರ ಸಹಿ ಬೇಕು. ಹಿರಿಯರು ಇರುವಾಗ ಒಂದು ಮಾತಿನಲ್ಲಿ ಮುಗಿಯುವ ಕೆಲಸ, ಅವರು ಹೋದ ಮೇಲೆ ಹತ್ತು ವರ್ಷ ಎಳೆಯುತ್ತದೆ. ಇದನ್ನು ನಮ್ಮೂರಲ್ಲೂ ನೋಡಿದ್ದೇವೆ, ಅಲ್ಲೂ ನೋಡಿದೆ.

ಗದ್ದೆಯನ್ನು ನೀವಂತೂ ಕೊಳ್ಳುವ ಹಾಗಿಲ್ಲ. ಯಜಮಾನರು ಕೊಳ್ಳಬಹುದು, ಆದರೆ ಕೃಷಿ ಜಮೀನಿನ ಒಡೆಯ ಅದೇ ಕೆಚಾಮತಾನ್‌ನಲ್ಲಿ, ಅಂದರೆ ಹೋಬಳಿಯಂಥ ವಲಯದಲ್ಲಿ, ವಾಸವಾಗಿರಬೇಕು ಅಂತ 1961ರಿಂದ ನಿಯಮ ಇದೆ. ಗದ್ದೆಯಲ್ಲಿ ಮನೆ ಕಟ್ಟೋಣ ಅಂದುಕೊಳ್ಳಬೇಡಿ. ಭತ್ತದ ಭೂಮಿ ಉಳಿಸಲು 2009ರಲ್ಲಿ ಬೇರೆಯೇ ಕಾನೂನು ಬಂದಿದೆ. ಹಿತ್ತಿಲ ಜಾಗ ಕಾಗದದಲ್ಲೂ ಹಿತ್ತಿಲು ಅಂತಲೇ ಇದೆಯಾ ನೋಡಿ.

ಕೇಳಿದವರು:

ಅಕ್ಕ, ತುಂಬಾ ಉಪಕಾರ ಆಯ್ತು. ಇನ್ನೊಂದು ಕೇಳಲಾ? ಮಾವನವರ ಕಾಯಿಲೆಗೆ ದುಡ್ಡು ಬೇಕಾದಾಗ ಅತ್ತೆ ಒಂದು ಗದ್ದೆಯನ್ನು 'ಗಡೈ' ಕೊಟ್ಟಿದ್ದಾರಂತೆ. ಒಂಬತ್ತು ವರ್ಷ ಆಯ್ತು. ದುಡ್ಡು ಕೊಟ್ಟವರು ಇವರ ದೊಡ್ಡಪ್ಪನೇ. ಅವರೇ ಬೆಳೆ ತೆಗೆದುಕೊಳ್ತಿದ್ದಾರೆ. ಅಸಲು ಪೂರ್ತಿ ಕೊಟ್ಟರೆ ಮಾತ್ರ ಬಿಡ್ತಾರಂತೆ.

ಕ್ಲಾತೆನ್‌ನವರು:

ಗಡೈ ಅಂದ್ರೆ ನಮ್ಮ ಭೋಗ್ಯವೇ. ದುಡ್ಡು ಕೊಟ್ಟವರು ಬಡ್ಡಿಗೆ ಬದಲಾಗಿ ಬೆಳೆ ಉಣ್ತಾರೆ. 1960ರ ಇನ್ನೊಂದು ಕಾನೂನು ಹೀಗಿದೆ: ಕೃಷಿ ಜಮೀನು ಏಳು ವರ್ಷ ಗಡೈಯಲ್ಲಿ ಇದ್ದರೆ, ಕಟಾವು ಮುಗಿದ ಒಂದು ತಿಂಗಳೊಳಗೆ ದುಡ್ಡು ತೆಗೆದುಕೊಳ್ಳದೆ ವಾಪಸ್ ಕೊಡಬೇಕು. ಇಷ್ಟು ವರ್ಷದ ಬೆಳೆಯಲ್ಲೇ ಸಾಲ ತೀರಿತು ಅಂತ ಲೆಕ್ಕ. ಹಳ್ಳಿಯಲ್ಲಿ ಬಹಳ ಜನಕ್ಕೆ ಇದು ಗೊತ್ತೇ ಇಲ್ಲ.

ಆದರೆ ನೀವು ಹೊಸ ಸೊಸೆ. ಕಾನೂನಿನ ಪುಟ ಹಿಡಿದು ದೊಡ್ಡಪ್ಪನ ಮನೆಗೆ ಹೋಗಬೇಡಿ, ದಯವಿಟ್ಟು. ಯಜಮಾನರು ಮೊದಲು ಊರಿನ ಹಿರಿಯರ ಕಿವಿಗೆ ಹಾಕಲಿ. ನಮ್ಮ ಮನೆಯಲ್ಲಿ ಇಂಥದ್ದೇ ಆದಾಗ ಅಸಲಿನ ಸ್ವಲ್ಪ ಭಾಗ ಗೌರವಕ್ಕೆ ಅಂತ ಕೊಟ್ಟು ಮುಗಿಸಿದೆವು. ಕೊಡಬೇಕಾಗಿರಲಿಲ್ಲ. ಕೊಟ್ಟಿದ್ದಕ್ಕೆ ನನಗೆ ಬೇಸರವೂ ಇಲ್ಲ. ಅದೇ ಹಿರಿಯರು ಆಮೇಲೆ ನಮ್ಮ ಗದ್ದೆಗೆ ನೀರು ತಿರುಗಿಸಲು ರಾತ್ರಿ ಎದ್ದು ಹೋಗಿದ್ದಾರೆ.

ಗದ್ದೆ ಕೈಗೆ ಬಂದ ಮೇಲೆ ನೀವೇ ಉಳಲು ಹೋಗೋದು ಬೇಡ. 'ಮರೊ' ಕೊಡಿ. ಅರ್ಧ ಬೆಳೆ ಮಾಡಿದವರಿಗೆ, ಅರ್ಧ ನಿಮಗೆ. ನಮ್ಮ ಕಡೆ ಕೋರಿಗೆ ಹಾಕುವುದು ಅಂತಾರಲ್ಲ, ಹಾಗೆ.

ನರ್ಸ್ ಕೆಲಸದಿಂದ ನಿವೃತ್ತರಾಗಿ ಈಗ ಮಧ್ಯ ಜಾವಾದ ಸೋಲೊ ನಗರದ ಹತ್ತಿರದ ಹಳ್ಳಿಯಲ್ಲಿರುವವರು:

ನಾನು ಊರಿನ ಬಾಳುವೆ ಬಗ್ಗೆ ಮಾತ್ರ ಹೇಳ್ತೇನೆ.

ಹೋದ ದಿನವೇ 'ಪಾಕ್ ಎರ್‌ತೇ' ಮನೆಗೆ ಹೋಗಿ. ಒಂದಷ್ಟು ಮನೆಗಳಿಗೆ ಒಬ್ಬ ಮುಖಂಡರು ಇರ್ತಾರೆ, ಅವರೇ. ಹೊರಗಿನವರು ರಾತ್ರಿ ಉಳಿದರೆ 24 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಪಾಸ್‌ಪೋರ್ಟ್ ನಕಲು ಕೊಡಿ, ಜೊತೆಗೆ ಸ್ವಲ್ಪ ಹಣ್ಣು ಒಯ್ಯಿರಿ. ಅಪ್ಪ ಅಮ್ಮ ಬಂದಾಗಲೂ ಇದೇ.

ಸಂಬಂಧದ ಹೆಸರುಗಳನ್ನು ಕಲಿಯಲು ನಿಮಗೆ ಒಂದು ದಿನ ಸಾಕು. ಬುಲಿಕ್ ಅಂದರೆ ಚಿಕ್ಕ ತಾಯಿ, ಬುಡೇ ಅಂದರೆ ದೊಡ್ಡ ತಾಯಿ. ಪಾಕ್ಲಿಕ್, ಪಾಕ್ಡೇ ಅಂದರೆ ಚಿಕ್ಕಪ್ಪ, ದೊಡ್ಡಪ್ಪ. ಇದನ್ನು ಮೊದಲ ಸಲ ಕೇಳಿದಾಗ ನನಗೆ ಕಣ್ಣು ತುಂಬಿ ಬಂತು. ಮನೆಯ ಹಿರಿಯರ ಮುಂದೆ ಹಾದು ಹೋಗುವಾಗ ಸ್ವಲ್ಪ ಬಗ್ಗಿ 'ನುವುನ್ ಸೆವು' ಅನ್ನಿ. ಹಿರಿಯರ ಜೊತೆ ಮಾತಾಡಲು 'ಕ್ರೊಮೊ' ಅಂತ ಬೇರೆ ಮರ್ಯಾದೆಯ ಭಾಷೆಯೇ ಇದೆ. ಅದು ಪೂರ್ತಿ ಬರೋದು ಕಷ್ಟ. 'ಇಂಗ್ಗಿಹ್' ಅಂದರೆ ಹೌದು, 'ಮಾತುರ್ ನುವುನ್' ಅಂದರೆ ಧನ್ಯವಾದ. ಇಷ್ಟು ಬಂದರೂ ಮುಖ ಅರಳುತ್ತದೆ. ದಾರಿಯಲ್ಲಿ ಎಲ್ಲರೂ ಎಲ್ಲಿಗೆ ಹೊರಟ್ರಿ ಅಂತ ಕೇಳ್ತಾರೆ. ನಮ್ಮೂರಲ್ಲೂ ಕೇಳ್ತಾರಲ್ಲ. ಸುಮ್ನೆ ಪೇಟೆಗೆ ಅನ್ನಿ.

ಈಗ ಮುಖ್ಯ ವಿಷಯ. ಯಾರ ಮನೆಯಲ್ಲಾದರೂ ಮದುವೆ, ಸಾವು, ಅಥವಾ ನೆರೆಯವರನ್ನು ಕರೆದು ಪ್ರಾರ್ಥನೆ ಮಾಡಿ ಹಾಕುವ ಸ್ಲಾಮೆತಾನ್ ಊಟ ಇದ್ದರೆ ಹೆಂಗಸರು ಮುಂಚೆಯೇ ಹೋಗಿ ಅಡುಗೆಗೆ ಕೈ ಕೊಡ್ತಾರೆ. ಇದಕ್ಕೆ 'ರೇವಾಂಗ್' ಅಂತಾರೆ. ಕರೆಯಲಿ ಅಂತ ಕಾಯಬೇಡಿ. ನನ್ನ ಮೊದಲ ರೇವಾಂಗ್‌ನಲ್ಲಿ ಭಾಷೆ ಬರದೆ ಹಿತ್ತಿಲ ಬಾಗಿಲಲ್ಲಿ ನಿಂತಿದ್ದೆ. ಒಬ್ಬ ಅಜ್ಜಿ ಚಾಪೆಯ ಮೇಲೆ ಸರಿದು ಜಾಗ ಬಿಟ್ಟು, ಒಂದು ಮೊರ ತುಂಬಾ ಸಣ್ಣ ಈರುಳ್ಳಿ ನನ್ನ ಮುಂದೆ ತಳ್ಳಿದರು. ಸುಲಿಯುತ್ತಾ ಕೂತೆ. ಬೆರಳು ಉರಿಯಿತು, ಕಣ್ಣಲ್ಲಿ ನೀರು. ಅಜ್ಜಿ ತಮ್ಮ ಸೆರಗಿನ ತುದಿಯಿಂದಲೇ ನನ್ನ ಕಣ್ಣು ಒರೆಸಿದರು. ಸಂಜೆ ಮನೆಗೆ ಹೊರಟಾಗ ಬಿದಿರಿನ ಬುಟ್ಟಿಯಲ್ಲಿ ಅನ್ನ, ಟೆಂಪೆ (ಸೋಯಾ ಕಾಳು ಹುದುಗಿಸಿ ಮಾಡಿದ ಗಟ್ಟಿ), ಪಲ್ಯ ಕಟ್ಟಿ ಕೊಟ್ಟರು. ಮಾರನೇ ದಿನದಿಂದ ಊರಲ್ಲಿ ನನ್ನನ್ನು ಹೆಸರು ಹಿಡಿದು ಮಾತಾಡಿಸಲು ಶುರು ಮಾಡಿದರು.

ಮದುವೆಗೆ ಲಕೋಟೆಯಲ್ಲಿ ದುಡ್ಡು ಕೊಡ್ತಾರೆ, ಮನೆಯವರು ಪುಸ್ತಕದಲ್ಲಿ ಬರೆದಿಡ್ತಾರೆ. ನಮ್ಮ ಮುಯ್ಯಿಯೇ. ನೀವೂ ಒಂದು ಪುಸ್ತಕ ಇಡಿ. ಮನೆ ಕಟ್ಟುವಾಗ ಚಾವಣಿ ಏರಿಸಲು ಗಂಡಸರು ಕೂಲಿ ಇಲ್ಲದೆ ಬರ್ತಾರೆ. ಅದು 'ಸಂಬಾತಾನ್', ನಮ್ಮ ಮುಯ್ಯಾಳಿನ ಹಾಗೆ. ಊಟ, ಕಾಫಿ, ಸಿಗರೇಟು ನಿಮ್ಮ ಖರ್ಚು. ರಾತ್ರಿ ಸರದಿಯ ಮೇಲೆ ಕಾವಲು ಇರುತ್ತದೆ. ಕೆಲವು ಊರುಗಳಲ್ಲಿ ಪ್ರತಿ ಮನೆಯ ಮುಂದೆ ಪುಟ್ಟ ಡಬ್ಬಿ ನೇತುಹಾಕಿರ್ತಾರೆ. ಅದರಲ್ಲಿ ಒಂದು ಹಿಡಿ ಅಕ್ಕಿ ಅಥವಾ ಚಿಲ್ಲರೆ ಹಾಕಿಡಬೇಕು, ಕಾವಲಿನವರು ಬಂದು ಎತ್ತಿಕೊಂಡು ಹೋಗ್ತಾರೆ. ಮೊತ್ತ ಏನೂ ಇಲ್ಲ. ಆದರೆ ಡಬ್ಬಿ ಖಾಲಿ ಇದ್ದರೆ ಎಲ್ಲರಿಗೂ ಗೊತ್ತಾಗುತ್ತದೆ.

ಊಟ: ಟೆಂಪೆ, ತೋಫು, ಹಲಸಿನ ಕಾಯಿ, ತೆಂಗಿನ ಹಾಲು ಹಾಕಿದ ಪಲ್ಯ ಬೇಕಾದಷ್ಟು ಸಿಗುತ್ತದೆ. ಬೆಲ್ಲದ ಬದಲು ತೆಂಗಿನ ಚಿಪ್ಪಿನಲ್ಲಿ ಅಚ್ಚು ಹಾಕಿದ 'ಗುಲಾ ಜಾವಾ' ಇದೆ, ಅದರ ಪಾಯಸ ತುಂಬಾ ಚೆನ್ನಾಗಿರುತ್ತದೆ. ಎಚ್ಚರ ಇರಬೇಕಾದ್ದು ಸಂಬಲ್, ಅಂದರೆ ಅಲ್ಲಿನ ಮೆಣಸಿನ ಚಟ್ನಿ, ವಿಷಯದಲ್ಲಿ. ಅದರಲ್ಲಿ 'ತೆರಾಸಿ' ಅಂತ ಸೀಗಡಿಯ ಉಂಡೆ ಅರೆದು ಹಾಕ್ತಾರೆ, ನೋಡಿದರೆ ಗೊತ್ತಾಗಲ್ಲ. ಮಾಂಸ ತಿನ್ನಲ್ಲ ಅಂದರೆ ಸಾಲದು. ಮೀನು, ಮೊಟ್ಟೆ, ತೆರಾಸಿ ಮೂರನ್ನೂ ಹೆಸರು ಹೇಳಿ ಬೇಡ ಅನ್ನಿ. ಮೊಸರು ಹಳ್ಳಿಯಲ್ಲಿ ನಿತ್ಯದ ಪದಾರ್ಥ ಅಲ್ಲ. ತೊಗರಿಬೇಳೆ, ಸಾರಿನ ಪುಡಿ ಅಮ್ಮನೇ ತರಲಿ.

ಜಕಾರ್ತದಲ್ಲಿ ಕೆಲಸ, ರಜೆಗೆ ಹೆಂಡತಿಯ ಹಳ್ಳಿಗೆ ಹೋಗುವವರು:

ಓಡಾಟ ನನ್ನ ಪಾಲು. ಅಪ್ಪ ಅಮ್ಮನನ್ನು ಜಕಾರ್ತಕ್ಕೆ ಇಳಿಸಬೇಡಿ. ಅಲ್ಲಿಂದ ಕ್ಲಾತೆನ್‌ಗೆ ಹತ್ತಿರದ ದೊಡ್ಡ ಊರಾದ ಯೋಗ್ಯಕರ್ತಕ್ಕೆ ಮತ್ತೆ ಆರು ಏಳು ಗಂಟೆ ರೈಲು. ರೈಲು ಚೊಕ್ಕಟವಾಗಿದೆ, ಆದರೆ ವಯಸ್ಸಾದವರಿಗೆ ವಿಮಾನದ ಮೇಲೆ ಅದೂ ಸೇರಿದರೆ ಸುಸ್ತು. ಸಿಂಗಾಪುರ ಅಥವಾ ಕೌಲಾಲಂಪುರದಲ್ಲಿ ಬದಲಾಯಿಸಿ ನೇರ ಯೋಗ್ಯಕರ್ತದ ಹೊಸ ನಿಲ್ದಾಣಕ್ಕೆ ಬರಲಿ. ಅದು ಊರಿನ ಪಶ್ಚಿಮಕ್ಕೆ ಕುಲೊನ್ ಪ್ರೊಗೊದಲ್ಲಿದೆ. ನಿಲ್ದಾಣದ ಒಳಗಿಂದಲೇ ನಗರಕ್ಕೆ ರೈಲು ಇದೆ. ನಗರದಿಂದ ಸೋಲೊ ಕಡೆಗೆ ಹೋಗುವ ಲೋಕಲ್ ರೈಲು 2021ರಿಂದ ವಿದ್ಯುತ್ತಿನಲ್ಲಿ ಓಡುತ್ತಿದೆ, ಕ್ಲಾತೆನ್‌ನಲ್ಲಿ ನಿಲ್ಲುತ್ತದೆ. ಸಾಮಾನು ಜಾಸ್ತಿ ಇದ್ದರೆ ಕಾರು ಮಾಡಿ.

ವೀಸಾ ಬಂದಿಳಿದ ಮೇಲೂ ಸಿಗುತ್ತದೆ, ಮುಂಚೆ ಆನ್‌ಲೈನ್‌ನಲ್ಲೂ ಮಾಡಬಹುದು. ಐದು ಲಕ್ಷ ರುಪಿಯಾ, 30 ದಿನ. ಒಂದು ಸಲ ಇನ್ನೂ 30 ದಿನ ವಿಸ್ತರಿಸಬಹುದು. ನಿಮಗೆ ಮಾತ್ರ ಯಜಮಾನರ ಮೂಲಕ ವಾಸದ ಪರವಾನಗಿ, 'ಕಿತಾಸ್' ಬೇಕು. ಅದು ಕೈಗೆ ಬಂದ ಕೂಡಲೇ ಸ್ಕೂಟರ್ ಲೈಸೆನ್ಸ್ ಮಾಡಿಸಿ. ಹಳ್ಳಿಯಲ್ಲಿ ಸ್ಕೂಟರ್ ಇಲ್ಲದೆ ಏನೂ ನಡೆಯಲ್ಲ. ನಮ್ಮ ಹಾಗೆ ಎಡಗಡೆಯೇ ಓಡಿಸೋದು. ಅಪ್ಪ ಅಮ್ಮ ಮೇ ತಿಂಗಳಿಂದ ಅಕ್ಟೋಬರ್ ಒಳಗೆ ಬರಲಿ, ಆಗ ಮಳೆ ಕಡಿಮೆ.

ಲೆಬಾರಾನ್ ಅಂದರೆ ರಂಜಾನ್ ಹಬ್ಬದ ಹೊತ್ತಿಗೆ ಪಟ್ಟಣದಲ್ಲಿರೋ ಎಲ್ಲರೂ ಊರಿಗೆ ಹೊರಡ್ತಾರೆ. ಅದನ್ನು 'ಮುಡಿಕ್' ಅಂತಾರೆ. ವಾರಗಳ ಮುಂಚೆಯೇ ಟಿಕೆಟ್ ಮುಗಿದಿರುತ್ತದೆ. ಆ ಹೊತ್ತಲ್ಲಿ ಅಪ್ಪ ಅಮ್ಮನ ಪ್ರಯಾಣ ಇಟ್ಟುಕೊಳ್ಳಬೇಡಿ.

ಯೋಗ್ಯಕರ್ತದ ದಕ್ಷಿಣಕ್ಕಿರುವ ಬಾಂತುಲ್‌ನಲ್ಲಿ ಮನೆ ಕಟ್ಟಿಸಿದವರು:

ಒಂದೇ ಮಾತು. 2006ರ ಮೇ 27ರ ಬೆಳಗ್ಗೆ ಭೂಕಂಪ ಆಯ್ತು, 5,700ಕ್ಕೂ ಜಾಸ್ತಿ ಜನ ಸತ್ತರು. ಬಾಂತುಲ್ ಜೊತೆ ಕ್ಲಾತೆನ್‌ಗೂ ತುಂಬಾ ಪೆಟ್ಟು ಬಿತ್ತು. ಬಿದ್ದ ಮನೆಗಳಲ್ಲಿ ಬಹಳಷ್ಟು ಕಬ್ಬಿಣ ಇಲ್ಲದ ಇಟ್ಟಿಗೆ ಗೋಡೆಯವು. ಆದ್ದರಿಂದ ಮೂಲೆಗೊಂದು ಕಬ್ಬಿಣ ಹಾಕಿದ ಕಾಂಕ್ರೀಟ್ ಕಂಬ, ಬುಡದಲ್ಲೂ ಗೋಡೆಯ ಮೇಲೂ ಸುತ್ತು ಪಟ್ಟಿ ಹಾಕಿಸಿ. ಮೇಸ್ತ್ರಿ ಕಂಬಿ ಕಟ್ಟುವಾಗ ಯಜಮಾನರು ಹತ್ತಿರ ನಿಂತು ನೋಡಲಿ. ಮೆರಾಪಿಯ ಅಪಾಯದ ವಲಯಗಳ ನಕ್ಷೆ ಇದೆ, ಹಳ್ಳಿ ಅದರಲ್ಲಿ ಎಲ್ಲಿ ಬರುತ್ತದೆ ನೋಡಿ. 2010ರಲ್ಲಿ ಅದು ಸಿಡಿದಾಗ ಮುನ್ನೂರಕ್ಕೂ ಹೆಚ್ಚು ಜನ ಹೋದರು. ನಿಮ್ಮ ಜಾಗ ಗದ್ದೆ ಬಯಲಲ್ಲಿ ಇದ್ದರೆ ಬೂದಿ ಬರಬಹುದು. ಮಾಸ್ಕ್ ಮನೆಯಲ್ಲಿ ಇಟ್ಟಿರಿ.

ಕೇಳಿದವರು:

ಎಲ್ಲರಿಗೂ ಮನಸಾರೆ ಧನ್ಯವಾದ. ಅಕ್ಕ ಹೇಳಿದ ಹಾಗೆ ನಿನ್ನೆಯೇ ಕೇಳಿದೆವು. ಅತ್ತೆ ಬಟ್ಟೆ ಪೆಟ್ಟಿಗೆಯ ತಳದಿಂದ ಕಾಗದ ತೆಗೆದು ಫೋಟೋ ಕಳಿಸಿದರು. ಲೆಟರ್ ಸಿ. ಮೇಲೆ ಇರೋದು ಇವರ ತಾತನ ಹೆಸರು. ಮಕ್ಕಳು ಐದು ಜನ. ಗದ್ದೆ ಹಿಡಿದಿರುವ ದೊಡ್ಡಪ್ಪನೂ ಅವರಲ್ಲಿ ಒಬ್ಬರು. ಇವರ ಸೋದರತ್ತೆ ಒಬ್ಬರು ಸುಮಾತ್ರಾದ ಲಾಂಪುಂಗ್‌ನಲ್ಲಿ ಇದ್ದಾರೆ. ಎಲ್ಲರೂ ಒಟ್ಟಿಗೆ ಸೇರೋದು ಲೆಬಾರಾನ್‌ಗೆ ಮಾತ್ರ. ಹಾಗಾಗಿ ಅಪ್ಪ ಅಮ್ಮ ಆಗ ಬೇಡ, ನಾವಿಬ್ಬರು ಹೋಗ್ತೇವೆ. ಟಿಕೆಟ್ ಇವತ್ತು ರಾತ್ರಿಯೇ ನೋಡ್ತೇನೆ. ಮೂರು ದಿನ ಮುಂಚೆ ಹೋದರೆ ಅಡುಗೆಗೂ ಕೈ ಕೊಡಬಹುದು.