‘ಮೇಡ್’ ನೋಡಿದವರು ಹೇಳಿ, ಅಲೆಕ್ಸ್ ವಾಪಸ್ ಹೋಗಿದ್ದು ಸರಿಯಾ?

ತೋಟದಮನೆ_ತೀರ್ಥಹಳ್ಳಿ:
ನೆಟ್‌ಫ್ಲಿಕ್ಸ್‌ನಲ್ಲಿ 2021ರಲ್ಲಿ ಬಂದ ‘ಮೇಡ್’ ಈಗ ನೋಡಿ ಮುಗಿಸಿದೆ. ಹತ್ತು ಕಂತು. ಕೈಯಲ್ಲಿ 18 ಡಾಲರ್ ಇಟ್ಟುಕೊಂಡು, ಮಗಳನ್ನು ಎತ್ತಿಕೊಂಡು ರಾತ್ರೋರಾತ್ರಿ ಹೊರಟ ಅಲೆಕ್ಸ್, ಮನೆಗೆಲಸ ಮಾಡಿ ಇನ್ನೇನು ನೆಲೆ ನಿಂತಳು ಅನ್ನುವಾಗ ಮತ್ತೆ ಮದುವೆಯಾಗದೆ ಜೊತೆಗಿದ್ದ ಆ ಶಾನ್ ಮನೆಗೇ ಹೋಗುತ್ತಾಳಲ್ಲ, ಅಲ್ಲಿ ನನಗೆ ಸಿಟ್ಟೇ ಬಂತು. ಜೊತೆಗೆ ಕೂತು ನೋಡುತ್ತಿದ್ದ ನಮ್ಮತ್ತೆಯದ್ದು ಬೇರೆಯೇ ತಕರಾರು: “ಅವನು ಒಂದೇಟೂ ಹೊಡೆದಿಲ್ಲವಲ್ಲೇ, ಬಿಟ್ಟು ಬಂದಿದ್ದಾದರೂ ಯಾಕೆ?” ಹೊಡೆಯದಿದ್ದರೂ ದೌರ್ಜನ್ಯ ಅಂತ ನಮ್ಮ ಕಾನೂನಲ್ಲಿ ಇದೆಯಾ?

ಸಾಗರದವಳು:
ಹೊಡೆದಿಲ್ಲ ಸರಿ. ಮಗುವಿನ ಕೂದಲಲ್ಲಿ ಗಾಜಿನ ಚೂರು ಸಿಗುತ್ತಲ್ಲ, ಅದನ್ನು ನಿಮ್ಮತ್ತೆಗೆ ಇನ್ನೊಮ್ಮೆ ತೋರಿಸಿ. ವಾಪಸ್ ಹೋಗಿದ್ದಕ್ಕೆ ಬೈಯಬೇಡಿ ಮಾರಾಯ್ರೆ. ಏನಾದರೂ ಕೊಂಡಾಗಲೆಲ್ಲ ಉಳಿದ ದುಡ್ಡಿನ ಲೆಕ್ಕ ಪರದೆ ಮೇಲೆ ಇಳಿಯುತ್ತಾ ಹೋಗುತ್ತದೆ, ನೋಡಿದ್ದೀರಲ್ಲ. ಕೆಲಸ ಇಲ್ಲದಿದ್ದರೆ ಡೇಕೇರ್‌ಗೆ ಸರ್ಕಾರದ ನೆರವಿಲ್ಲ, ಡೇಕೇರ್ ಇಲ್ಲದಿದ್ದರೆ ಕೆಲಸಕ್ಕೆ ಹೋಗೋದು ಹೇಗೆ? ವಾಪಸ್ ಹೋದ ಮೇಲೆ ಸೋಫಾ ಅವಳನ್ನು ನುಂಗಿಬಿಡುವ ದೃಶ್ಯ ಇದೆಯಲ್ಲ, ನಾನು ಅವತ್ತು ಅಲ್ಲಿಗೇ ಟೀವಿ ಆರಿಸಿದೆ.

ಮುಂಗಾರು:
ನನಗೆ ಪೂರ್ತಿ ಹಿಡಿಸಲಿಲ್ಲ. ಕೊನೆಯಲ್ಲಿ ಶ್ರೀಮಂತ ಮನೆಯೊಡತಿ ರೆಜಿನಾ ವಕೀಲರನ್ನು ಗೊತ್ತು ಮಾಡಿಕೊಡೋದು ತೀರಾ ಸಲೀಸಾಯ್ತು. ಮನೆಗೆಲಸದವರಿಗೆ ಅಂಥ ಒಡತಿ ಎಲ್ಲಿ ಸಿಗುತ್ತಾರೆ? ಆದರೆ ತಾಯಿ ಪೌಲಾ ಪಾತ್ರ ಮಾತ್ರ ಸೂಪರ್. ಆ ನಟಿ ನಿಜ ಜೀವನದಲ್ಲೂ ಅಲೆಕ್ಸ್ ಪಾತ್ರಧಾರಿಯ ಅಮ್ಮನೇ.

ಕಪ್ಪುಕೋಟು:
ಕಾನೂನು ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಬೈಗುಳ, ಅವಮಾನ, ಬೆದರಿಕೆ, ಖರ್ಚಿಗೆ ಕೊಡದೆ ಸತಾಯಿಸೋದು ಎಲ್ಲ ಬರುತ್ತದೆ. ಮದುವೆಯಾಗದೆ ಗಂಡ ಹೆಂಡತಿ ಥರ ಒಟ್ಟಿಗಿದ್ದವರಿಗೂ ಉಂಟು, ಹಾಗಾಗಿ ಅಲೆಕ್ಸ್ ನಮ್ಮೂರಿನವಳಾಗಿದ್ದರೆ ಅರ್ಜಿ ಹಾಕಬಹುದಿತ್ತು. ಮನೆ ಅವನ ಹೆಸರಲ್ಲಿದ್ದರೂ ಅವಳನ್ನು ಹೊರಗೆ ಹಾಕದಂತೆ ಕೋರ್ಟ್ ಆದೇಶ ಕೊಡಬಹುದು. ನಮ್ಮಲ್ಲಿ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ, ಅಂದರೆ ಈ ಕಾಯ್ದೆಯಡಿ ದೂರು ತಗೊಂಡು ನೆರವಾಗುವವರು. ಸಹಾಯವಾಣಿ 181.

ಹೊಸನಗರ_ಹೊಳೆಬದಿ:
ಕಾನೂನೇನೋ ಸರಿ ಮೇಡಂ. ನಮ್ಮ ಕಡೆ ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡವೇ ಅಡ್ಡ, ಕೂಗಿದರೆ ಕೇಳೋಕೆ ಯಾರಿದ್ದಾರೆ? ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಹೋಯ್ತು, ಆಮೇಲೆ 181 ಒತ್ತಿ ಏನು ಬಂತು. ಶಕ್ತಿ ಯೋಜನೆ 2023ರಲ್ಲೇ ಬಂದಿದೆ, ಆದರೆ ನಮ್ಮೂರಿಗೆ ಬರೋದು ಖಾಸಗಿ ಬಸ್ ಮಾತ್ರ, ಅದರಲ್ಲಿ ಟಿಕೆಟ್ ತಗೊಳ್ಳಲೇಬೇಕು. ನಮ್ಮ ಪರಿಚಯದ ಒಬ್ಬ ಅಕ್ಕ ಅಡಿಕೆ ಸುಲಿದ ದುಡ್ಡು ಗಂಡನ ಕೈಗೆ ಸಿಗಬಾರದು ಅಂತ ಸಂಘಕ್ಕೆ ಕಟ್ಟುತ್ತಿದ್ದರು. ಕೊನೆಗೆ ಮಗನ ಸ್ಕೂಲ್ ಬ್ಯಾಗಲ್ಲಿ ರೇಷನ್ ಕಾರ್ಡ್, ಆಧಾರ್ ತುಂಬಿಕೊಂಡು, ತವರಿಗೆ ಹೋಗಿ ಬರ್ತೀನಿ ಅಂತ ಹೇಳಿ ಬೆಳಗಿನ ಬಸ್ಸು ಹತ್ತಿದರು. ಸಿಡಿಪಿಒ ಆಫೀಸಿನ ದಾರಿ ಹೇಳಿಕೊಟ್ಟವರು ಅಂಗನವಾಡಿ ಟೀಚರ್. ಅದಕ್ಕೂ ಮೊದಲು ಆ ಅಕ್ಕನೂ ಹೊರಟು ಹೊರಟು ವಾಪಸ್ ಬಂದವರೇ, ಹಾಗಾಗಿ ಅಲೆಕ್ಸ್ ಮೇಲೆ ನನಗೆ ಸಿಟ್ಟು ಬರಲಿಲ್ಲ. ಈಗ ಶಿವಮೊಗ್ಗದ ಒಂದು ಹಾಸ್ಟೆಲಲ್ಲಿ ಅಡುಗೆ ಮಾಡುತ್ತಾರೆ.