ಗೂಗಲ್‌ನ ಮೊದಲ ಪುಟಕ್ಕೆ ‘ಗ್ಯಾರಂಟಿ’: ಹಣ ಕಟ್ಟಬಹುದೇ?

ಖಣದಂಗಡಿ, ಗುಳೇದಗುಡ್ಡ

ನಮ್ಮದು ಖಣದ ವ್ಯಾಪಾರ. ಮಾವನವರ ಕಾಲದಿಂದ ನೇಕಾರರ ಬಳಿ ತಂದು ಬೆಳಗಾವಿ, ಸೊಲ್ಲಾಪುರದ ಅಂಗಡಿಗಳಿಗೆ ಸಗಟಾಗಿ ಕೊಡುತ್ತಿದ್ದೆವು. ಚಿಲ್ಲರೆ ಗಿರಾಕಿಗಳೂ ಬರಲಿ ಎಂದು ಡಿಟಿಪಿ ಮಾಡುವ ಹುಡುಗನೊಬ್ಬನಿಂದ ಜಾಲತಾಣ ಮಾಡಿಸಿದ್ದೇವೆ. ಅಂಗಡಿಯ ಹೆಸರು ಹಾಕಿ ನನ್ನ ಮೊಬೈಲಿನಲ್ಲಿ ಹುಡುಕಿದರೆ ನಾವೇ ಮೊದಲು. ಪುಣೆಯ ನಾದಿನಿ ‘ಖಣ ಬ್ಲೌಸ್ ಪೀಸ್’ ಎಂದು ಹುಡುಕಿದರೆ ಎಷ್ಟು ಕೆಳಗೆ ಹೋದರೂ ನಾವಿಲ್ಲ.

ಒಂದು ಕಂಪನಿಯವರು ದಿನವೂ ಫೋನ್ ಮಾಡುತ್ತಿದ್ದಾರೆ. ಇಪ್ಪತ್ತೈದು ಸಾವಿರ ಕಟ್ಟಿದರೆ ತಿಂಗಳೊಳಗೆ ಮೊದಲ ಪುಟವಂತೆ. ಐನೂರು ತಾಣಗಳಿಂದ ನಮ್ಮ ತಾಣಕ್ಕೆ ಕೊಂಡಿ (ಲಿಂಕ್) ಹಾಕಿಸುತ್ತಾರೆ, ಕೀವರ್ಡ್ ಟ್ಯಾಗ್ ತುಂಬುತ್ತಾರೆ, ಸಾವಿರ ಸರ್ಚ್ ಎಂಜಿನ್‌ಗಳಿಗೆ ನೋಂದಣಿ ಮಾಡಿಸುತ್ತಾರೆ. ನಮ್ಮ ಮನೆಯವರು, ಅದರ ಬದಲು ಗೂಗಲ್‌ಗೇ ಜಾಹೀರಾತು ಕೊಟ್ಟರೆ ತಾನಾಗಿ ಮೇಲೆತ್ತುತ್ತದೆ ಎನ್ನುತ್ತಾರೆ. ಯಾರ ಮಾತು ಕೇಳಲಿ? ತಾಣದ ವಿಳಾಸ ನನ್ನ ಪರಿಚಯದ ಪುಟದಲ್ಲಿದೆ.

ನವನಗರದವ, ಬಾಗಲಕೋಟೆ

ಅಕ್ಕನವರೇ, ಇಬ್ಬರ ಮಾತೂ ಬೇಡ. ನಾನು ಈ ಭಾಗದ ಅಂಗಡಿಗಳಿಗೆ ಜಾಲತಾಣ ಮಾಡಿಕೊಡುವವನು. ಇಂಥ ಫೋನ್ ನನ್ನ ಗಿರಾಕಿಗಳಿಗೂ ಬರುತ್ತದೆ, ಸಂಜೆ ಅವರು ನನಗೆ ಮಾಡುತ್ತಾರೆ. ಮೊದಲ ಸ್ಥಾನದ ಖಾತರಿ ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಬರೆದು ಹಾಕಿದೆ. ಮನೆಯ ಯಜಮಾನ ಕೊಡದ ಮಾತನ್ನು ದಾರಿಹೋಕ ಹೇಗೆ ಕೊಡುತ್ತಾನೆ?

ಕೀವರ್ಡ್ ಟ್ಯಾಗ್ ಎಂದರೆ ಪುಟದೊಳಗೆ ಕಣ್ಣಿಗೆ ಕಾಣದಂತೆ ಬರೆಯುವ ಪದಪಟ್ಟಿ. ಅದನ್ನು ಕ್ರಮಾಂಕಕ್ಕೆ ಲೆಕ್ಕಿಸುವುದಿಲ್ಲವೆಂದು ಗೂಗಲ್ 2009ರಲ್ಲೇ ತಿಳಿಸಿದೆ. ದುಡ್ಡು ಕೊಟ್ಟು ಕೊಂಡಿ ಹಾಕಿಸುವುದು ಅದರ ನಿಯಮಕ್ಕೆ ವಿರುದ್ಧ. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ತಂದಾಗ ಇಂಥ ಕೊಂಡಿಗಳನ್ನೇ ನಂಬಿದ್ದ ತಾಣಗಳು ನೆಲಕಚ್ಚಿದವು. ಇನ್ನು ಆ ಸಾವಿರ ಸರ್ಚ್ ಎಂಜಿನ್‌ಗಳ ಹೆಸರು ಕೇಳಿ ನೋಡಿ, ಹತ್ತು ಮುಟ್ಟುವ ಮೊದಲೇ ಕರೆ ಕಡಿತವಾಗುತ್ತದೆ.

ಅಂಗಡಿಯ ಹೆಸರು ಹಾಕಿ ಹುಡುಕಿ ಮೊದಲು ಬಂದೆವು ಎನ್ನುವುದರಲ್ಲಿ ಲಾಭವಿಲ್ಲ. ಹೆಸರು ಗೊತ್ತಿರುವವರು ಹೇಗೂ ನಿಮ್ಮವರೇ. ಅಲ್ಲದೆ ನೀವು ಕುಳಿತ ಊರು, ನೀವು ಹಿಂದೆ ಹುಡುಕಿದ್ದು, ಇವೂ ಫಲಿತಾಂಶವನ್ನು ಬದಲಿಸುತ್ತವೆ. ನಾದಿನಿ ಮಾಡಿದ್ದೇ ಸರಿಯಾದ ಪರೀಕ್ಷೆ.

ನಿಮ್ಮ ತಾಣ ತೆರೆದು ನೋಡಿದೆ. ಬನಶಂಕರಿ ದೇವಿಯ ಚಿತ್ರ, ಅಂಗಡಿಯ ಹೆಸರು, ‘ಸಗಟು ಮತ್ತು ಚಿಲ್ಲರೆ’, ಮೊಬೈಲ್ ಸಂಖ್ಯೆ, ಖಣದ ಬಗೆಗಳು, ಎಲ್ಲವೂ ಮದುವೆ ಕಾರ್ಡಿನಂತೆ ಒಂದೇ ಚಿತ್ರದಲ್ಲಿವೆ. ಚಿತ್ರದೊಳಗೆ ಬರೆದದ್ದನ್ನು ಗೂಗಲ್ ಪುಟದ ಬರಹವೆಂದು ನೆಚ್ಚಿಕೊಳ್ಳುವುದಿಲ್ಲ. ಎಲ್ಲ ಪುಟಗಳ ಶೀರ್ಷಿಕೆಯೂ ‘ಹೋಮ್’. ಗೂಗಲ್‌ಗೆ ನೀವು ಖಣ ಮಾರುತ್ತೀರೋ ಕಡಲೆ ಮಾರುತ್ತೀರೋ ಹೇಗೆ ತಿಳಿಯಬೇಕು?

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ‘ನಮ್ಮ ಬಗ್ಗೆ’ ಪುಟದಲ್ಲಿ ಎರಡು ಪ್ಯಾರಾ ಕನ್ನಡವಿದೆಯಲ್ಲ, ಅದರ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಅಂಟಿಸಿ. ಏನು ಬಂತೆಂದು ಇಲ್ಲಿ ಬರೆಯಿರಿ.

ಮನೂಕ ವ್ಯಾಪಾರಿ, ವಿಜಯಪುರ

ನವನಗರದವರೇ, ಜಾಹೀರಾತಿನಿಂದ ಉಪಯೋಗವಿಲ್ಲ ಎನ್ನಬೇಡಿ. ನಾನು ಒಣದ್ರಾಕ್ಷಿ ಮಾರುತ್ತೇನೆ. ದೀಪಾವಳಿಗೆ ಮುಂಚೆ ದುಡ್ಡು ಹಾಕಿದೆ, ಮರುದಿನವೇ ಎಲ್ಲರಿಗಿಂತ ಮೇಲೆ ಬಂದೆ.

ನವನಗರದವ, ಬಾಗಲಕೋಟೆ

ಉಪಯೋಗವಿಲ್ಲ ಎನ್ನಲಿಲ್ಲ ಸಾಹುಕಾರರೇ. ಮೇಲೆ ಬಂದದ್ದು ನಿಮ್ಮ ಜಾಹೀರಾತು, ‘ಪ್ರಾಯೋಜಿತ’ ಎಂಬ ಪಟ್ಟಿ ಹೊತ್ತುಕೊಂಡು. ದುಡ್ಡು ನಿಲ್ಲಿಸಿದ ದಿನ ಅದೂ ಹೋಯಿತಲ್ಲವೇ? ಅದರ ಕೆಳಗಿನ ಸಾಮಾನ್ಯ ಫಲಿತಾಂಶಗಳ ಸಾಲಿನಲ್ಲಿ ಜಾಹೀರಾತು ಕೊಟ್ಟವರಿಗೆ ಬೇರೆ ಮಣೆಯಿಲ್ಲ. ಹಂಗಾಮಿನ ಸರಕಿಗೆ, ಹಬ್ಬದ ಮುಂಚೆ, ಜಾಹೀರಾತು ಸರಿಯಾದ ಖರ್ಚೇ. ಅಕ್ಕನವರ ಈಗಿನ ಪುಟಕ್ಕೆ ಜಾಹೀರಾತು ಕೊಟ್ಟು ಗಿರಾಕಿಯನ್ನು ಕರೆತಂದರೂ ಅವರಿಗೆ ಓದಲು ಅಲ್ಲಿ ಏನೂ ಇಲ್ಲ.

ಖಣದಂಗಡಿ, ಗುಳೇದಗುಡ್ಡ

ಅಣ್ಣಾ, ಅಂಟಿಸಿದೆ. ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು ಬಂದವು. ಒಂದೂ ಕನ್ನಡ ಅಕ್ಷರವಿಲ್ಲ! ತಾಣದಲ್ಲಿ ಸರಿಯಾಗಿಯೇ ಕಾಣುತ್ತದೆಯಲ್ಲ?

ನವನಗರದವ, ಬಾಗಲಕೋಟೆ

ಅದನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ, ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಯೂನಿಕೋಡ್‌ನಲ್ಲಿ ಅಲ್ಲ. ಹುಡುಗ ಫಾಂಟನ್ನೂ ತಾಣಕ್ಕೆ ಏರಿಸಿರುವುದರಿಂದ ನಿಮ್ಮ ಕಣ್ಣಿಗೆ ಕನ್ನಡ ಕಾಣುತ್ತದೆ. ಗೂಗಲ್ ಫಾಂಟಿನ ಅಂದ ನೋಡುವುದಿಲ್ಲ, ಒಳಗಿರುವ ಅಕ್ಷರಸಂಕೇತ ಓದುತ್ತದೆ. ನೀವು ವಾಟ್ಸಾಪ್‌ನಲ್ಲಿ ಕಂಡದ್ದೇ ಅದು ಓದಿದ್ದು. ‘ಗುಳೇದಗುಡ್ಡ ಖಣ’ ಎಂದು ಯಾರು ಹುಡುಕಿದರೂ ಆ ಪದಗಳು ನಿಮ್ಮ ಪುಟದಲ್ಲಿ ಇಲ್ಲವೇ ಇಲ್ಲ. ಬ್ಯಾನರ್, ಕರಪತ್ರ ಮಾಡಿ ಪಳಗಿದ ಕೈಯಿಂದ ತಾಣ ಮಾಡಿಸಿದಲ್ಲೆಲ್ಲ ಇದನ್ನು ನೋಡುತ್ತೇನೆ.

ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಕೆಟ್ಟಿವೆಯೇ ಎಂದು ಒಮ್ಮೆ ಓದಿ. ಆದರೆ ಆ ಎರಡು ಪ್ಯಾರಾ ಬದಲಿಸಿದರೆ ಸಾಲದು. ಒಂದೊಂದು ಬಗೆಯ ಖಣಕ್ಕೂ ಒಂದೊಂದು ಪುಟ ಮಾಡಿ, ಅಂಗಡಿಯಲ್ಲಿ ಗಿರಾಕಿ ಕೇಳುವುದನ್ನೇ ಬರೆಯಿರಿ: ರೇಷ್ಮೆಯೋ ಹತ್ತಿಯೋ, ಪನ್ನಾ (ಅಗಲ) ಎಷ್ಟು, ಒಂದು ಕುಪ್ಪಸಕ್ಕೆ ಎಷ್ಟು ಬಟ್ಟೆ ಬೇಕು, ಒಗೆದರೆ ಬಣ್ಣ ಬಿಡುತ್ತದೆಯೇ, ಯಾವ ಇಳಕಲ್ ಸೀರೆಗೆ ಹೊಂದುತ್ತದೆ. ಖಣಕ್ಕೆ ಭೌಗೋಳಿಕ ಸೂಚಕದ (ಇಂಥ ಊರಿನದೇ ಸರಕು ಎಂಬ ಸರಕಾರಿ ಗುರುತಿನ) ಮಾನ್ಯತೆ ಇದೆ, ಆ ಮಾತೂ ನಿಮ್ಮ ತಾಣದಲ್ಲಿಲ್ಲ. ಪುಣೆಯವರಿಗಾಗಿ ಮರಾಠಿ, ಇಂಗ್ಲಿಷ್ ಪುಟಗಳೂ ಇರಲಿ. ಬರೀ ‘ಖಣ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹಿಂದಿಯ ಊಟ-ತಿಂಡಿಯ ಜೊತೆ ಕಲಸಿಹೋಗುತ್ತದೆ, ‘ಗುಳೇದಗುಡ್ಡ’, ‘ಬ್ಲೌಸ್ ಪೀಸ್’ ಜೊತೆಗಿರಲಿ. ಹಾಗೆಂದು ಒಂದೇ ಪದವನ್ನು ಸಾಲುಸಾಲಿಗೆ ತುರುಕಬೇಡಿ, ಅದೂ ನಿಯಮಕ್ಕೆ ವಿರುದ್ಧವೇ.

ಟಿಳಕವಾಡಿ, ಬೆಳಗಾವಿ

ಎರಡು ಮಾತು ಸೇರಿಸುತ್ತೇನೆ. ಗೂಗಲ್‌ನ ಸರ್ಚ್ ಕನ್ಸೋಲ್ ಉಚಿತ. ಜನ ಯಾವ ಪದ ಹುಡುಕಿದಾಗ ನೀವು ಕಂಡಿರಿ ಎಂಬುದು ಅಲ್ಲಿ ಸಿಗುತ್ತದೆ. ತಾಣ ವರ್ಡ್‌ಪ್ರೆಸ್‌ನಲ್ಲಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಎಂಜಿನ್‌ಗಳನ್ನು ದೂರವಿಡುವ ಚೌಕಕ್ಕೆ ಟಿಕ್ ಬಿದ್ದಿದೆಯೇ ನೋಡಿ. ತಾಣ ಕಟ್ಟುವಾಗ ಹಾಕಿ ತೆಗೆಯಲು ಮರೆತವರು ಬಹಳ. ಮ್ಯಾಪ್‌ನಲ್ಲಿ ಅಂಗಡಿ ಕಾಣಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿ, ಅದಕ್ಕೂ ಹಣವಿಲ್ಲ. ವಿಮರ್ಶೆಗಳನ್ನು ಮಾತ್ರ ದುಡ್ಡು ಕೊಟ್ಟು ಬರೆಸಬೇಡಿ.

ಖಣದಂಗಡಿ, ಗುಳೇದಗುಡ್ಡ

ಮನೆಯವರಿಗೆ ಓದಿ ಹೇಳಿದೆ, ಒಪ್ಪಿದರು. ಇಷ್ಟೆಲ್ಲ ಮಾಡಿದರೆ ಶ್ರಾವಣದ ಹೊತ್ತಿಗೆ ಫಲ ಕಾಣಬಹುದೇ? ಕಂಪನಿಯವರು ಈಗ ಹಣ ಆಮೇಲೆ ಕೊಡಿ, ಮೊದಲು ಪಾಸ್‌ವರ್ಡ್ ಕೊಡಿ ಎನ್ನುತ್ತಿದ್ದಾರೆ.

ನವನಗರದವ, ಬಾಗಲಕೋಟೆ

ಪಾಸ್‌ವರ್ಡ್ ಖಂಡಿತ ಬೇಡ. ತಾಣದ ಕೀಲಿಯೇ ಕೈಗೆ ಸಿಕ್ಕ ಮೇಲೆ ಹಣ ಕೇಳುವುದೇನು ಕಷ್ಟ? ಇನ್ನು ಫಲದ ಮಾತು: ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ ಎಂದು ಗೂಗಲ್‌ನವರೇ ಹೇಳುತ್ತಾರೆ. ಶ್ರಾವಣಕ್ಕೆ ಆತುರವಿದ್ದರೆ, ಪುಟಗಳು ಸರಿಯಾದ ಮೇಲೆ ಸಾಹುಕಾರರಂತೆ ಸ್ವಲ್ಪ ಜಾಹೀರಾತು ಕೊಡಿ. ನಾಳೆ ಆ ಡಿಟಿಪಿ ಹುಡುಗನನ್ನು ಕಂಡಾಗ, ತಾಣದ ವಿಳಾಸ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ನವೀಕರಣ ಯಾವಾಗ ಎಂದು ಕೇಳಿ. ಅವನ ಹೆಸರಿನಲ್ಲಿದ್ದರೆ ಬೇರೆ ಕೆಲಸವೆಲ್ಲ ಬದಿಗಿಟ್ಟು ಮೊದಲು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.